ನಿಸ್ತೋರನ ಉಸಿರು

ನಿಸ್ತೋರನ ಬಾಯಿ ನಾರುತ್ತಿತ್ತು. ಸತ್ತವನ ಬಗ್ಗೆ ಹೀಗೆ ಶುರು ಮಾಡುವುದು ಮರ್ಯಾದೆಯಲ್ಲ ಅಂತ ನನಗೂ ಗೊತ್ತು. ಆದರೆ ಅವನ ಬಾಳೆಲ್ಲ ಕೊನೆಗೆ ಆ ಒಂದು ವಾಸನೆಗೆ ಬಂದು ನಿಂತಿತು. ಅದನ್ನು ಮುಚ್ಚಿಟ್ಟು, ಒಳ್ಳೆಯವನು, ದುಡಿಯುವವನು, ದೇವರಿಗೆ ಹೆದರುವವನು ಅಂತ ಹೊಗಳುತ್ತ ಕೂತರೆ ನಾನು ಸುಳ್ಳು ಹೇಳಿದ ಹಾಗಾಗುತ್ತದೆ. ಸುಳ್ಳಿನ ಸಹವಾಸ ನನಗೆ ಸಾಕಾಗಿದೆ.

ನಾನು ಸಾಫ್ತಾ, ಪಾದ್ರಿ ಎಫ್ರೆಮ್ ಅವರ ಹೆಂಡತಿ. ಜ್ಲಾತ್ನ ಪೇಟೆಯಿಂದ ಎರಡು ತಾಸು ಬೆಟ್ಟ ಹತ್ತಿದರೆ ನಮ್ಮ ಹಳ್ಳಿ. ಟ್ರಾನ್ಸಿಲ್ವೇನಿಯಾದ ಈ ಬೆಟ್ಟಗಳ ಹೊಟ್ಟೆಯಲ್ಲಿ ಚಿನ್ನವಿದೆ. ಅದು ವಿಯೆನ್ನಾದ ಚಕ್ರವರ್ತಿಗೆ ಹೋಗುತ್ತದೆ, ನಮ್ಮ ಗಂಡಸರಿಗೆ ಕೆಮ್ಮು ಉಳಿಯುತ್ತದೆ. ಮೂವತ್ತು ವರ್ಷದಿಂದ ಈ ಊರಿನ ಹಬ್ಬಕ್ಕೂ ಸಾವಿಗೂ ನಾನೇ ರೊಟ್ಟಿ ಬೇಯಿಸಿದ್ದೇನೆ. ಪರಮಪ್ರಸಾದಕ್ಕೆ ಹೋಗುವ ರೊಟ್ಟಿಯೂ ನನ್ನ ಒಲೆಯದೇ. ಯಾರ ಮನೆಯಲ್ಲಿ ಏನು ಬೇಯುತ್ತಿದೆ, ಯಾರ ಹೊಟ್ಟೆಯಲ್ಲಿ ಏನು ಉರಿಯುತ್ತಿದೆ, ಎಲ್ಲ ನನಗೆ ಗೊತ್ತು ಅಂತ ಜಂಬಪಡುತ್ತಿದ್ದೆ.

ನಿಸ್ತೋರ ಕಲ್ಲು ಕುಟ್ಟುವವರ ಮನೆಯಲ್ಲಿ ಹುಟ್ಟಿದವನು. ಹೊಳೆಯ ನೀರು ಚಕ್ರ ತಿರುಗಿಸುತ್ತದೆ, ಚಕ್ರ ಮರದ ಒನಕೆಗಳನ್ನು ಎತ್ತಿ ಹಾಕುತ್ತದೆ, ಗಣಿಯ ಕಲ್ಲು ಪುಡಿಯಾಗುತ್ತದೆ. ಅವನಪ್ಪ, ಅಜ್ಜ ಎಲ್ಲರೂ ಆ ಸದ್ದಿನಲ್ಲೇ ಕಿವುಡಾದವರು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಒಂದು ಒನಕೆ ಇವನ ಎಡಗೈಯ ಎರಡು ಬೆರಳು ತೆಗೆದುಕೊಂಡಿತು. ಜೊತೆಯವರೆಲ್ಲ, "ಒನಕೆ ಸಡಿಲ ಇತ್ತು ಅಂತ ಹೇಳೋ, ಗಣಿಯವರು ಒಂದು ವರ್ಷದ ಕಾಳು ಕೊಡ್ತಾರೆ," ಅಂತ ಹೇಳಿಕೊಟ್ಟರು. ಮೇಲಧಿಕಾರಿ ಬಂದು ಕೇಳಿದಾಗ ಇವನು ಹೇಳಿದ್ದು ಇಷ್ಟೇ: "ಒನಕೆ ಸರಿಯಾಗೇ ಇತ್ತು. ನಾನು ಆಚೆ ನೋಡ್ತಿದ್ದೆ." ಒಂದು ಹಿಡಿ ಕಾಳೂ ಬರಲಿಲ್ಲ. ಊರು ನಕ್ಕಿತು. ದೊಕಿಯಾ ನಗಲಿಲ್ಲ. ಮರುವರ್ಷ ಅವಳು ಬೇರೆ ಎರಡು ಸಂಬಂಧ ಬಿಟ್ಟು ಈ ಮೂರು ಬೆರಳಿನವನನ್ನು ಮದುವೆಯಾದಳು.

ಅವರಿಗೆ ರುಸಾಂದಾ, ಪಾವೆಲ್ ಅಂತ ಇಬ್ಬರು ಮಕ್ಕಳು. ಒಂದೇ ಚಳಿಗಾಲದಲ್ಲಿ, ಹನ್ನೊಂದು ದಿನದ ಅಂತರದಲ್ಲಿ, ಸಿಡುಬು ಇಬ್ಬರನ್ನೂ ಹೊತ್ತುಕೊಂಡು ಹೋಯಿತು. ಚರ್ಚಿನ ಪೂರ್ವದ ಗೋಡೆಯ ಹತ್ತಿರ ಒಂದೇ ಗುಂಡಿಯಲ್ಲಿ ಇಬ್ಬರನ್ನೂ ಮಲಗಿಸಿದೆವು. ಮಣ್ಣು ಹಾಕಿದ ಮೇಲೆ ನಿಸ್ತೋರ ಪಕ್ಕದ ಜಾಗದಲ್ಲಿ ನಿಂತು, ಹೆಜ್ಜೆಯಿಂದ ಅಳೆದು, ನಮ್ಮೆಜಮಾನರ ಕಡೆ ತಿರುಗಿದ. "ಇದು ನಂದು ಸ್ವಾಮಿ. ಬೇರೆ ಯಾರಿಗೂ ಕೊಡ್ಬೇಡಿ." ಅವರು ಆಗಲಿ ಅಂದರು. ಆಮೇಲೆ ಬಹಳ ವರ್ಷ ಅವನು ಈ ಲೋಕದಲ್ಲಿ ಯಾರ ಹತ್ತಿರವೂ ಇನ್ನೇನನ್ನೂ ಕೇಳಿದ್ದು ನಾನು ನೋಡಲಿಲ್ಲ. ಅಷ್ಟೇ ಅವನಿಗೆ ಬೇಕಾಗಿದ್ದದ್ದು.

ಅವನಿಗೊಂದು ವಿದ್ಯೆ ಇತ್ತು, ಕೊಳಲು. ಕುರಿಗಾಹಿಗಳ ಉದ್ದ ಕೊಳಲು. ಮೂರು ಬೆರಳಿನ ಕೈಯಲ್ಲೇ ತೂತು ಮುಚ್ಚಿ, ಮೂಗಿನಿಂದ ಉಸಿರು ಎಳೆಯುತ್ತಲೇ ಬಾಯಿಂದ ಬಿಡುತ್ತ, ಸ್ವರ ಕಡಿಯದ ಹಾಗೆ ಮದುವೆಮನೆಯಲ್ಲಿ ನುಡಿಸುತ್ತಿದ್ದ. ಈ ವಿದ್ಯೆಯೇ ಅವನನ್ನು ತಿಂದಿತು.

ಮೇಲಿನ ಗಣಿಯಲ್ಲಿ ಒಂದು ಬಿಳಿ ಕಲ್ಲು ಸಿಗುತ್ತಿತ್ತು. ಬೆಳ್ಳಿಯ ಹಾಗೆ ಹೊಳೆಯುತ್ತದೆ, ಬೆಳ್ಳಿಯಲ್ಲ. ಕಣ್ಣಿಗೆ ಹಚ್ಚುವ ಅಂಜನದ ಕಲ್ಲು ಅಂತ ಒಬ್ಬರು, ಅಲ್ಲ ಅಂತ ಇನ್ನೊಬ್ಬರು. ಅದು ಏನು ಅಂತ ಕಂಡುಹಿಡಿಯುವ ಹಟ ಹಿಡಿದವರು ಜ್ಲಾತ್ನದ ಪರೀಕ್ಷೆ ಮನೆಯ ಜರ್ಮನ್ ಅಧಿಕಾರಿ ವೈಡ್ನರ್ ದೊರೆ. ಇದ್ದಿಲಿನ ತುಂಡಿನ ಮೇಲೆ ಕಲ್ಲಿನ ಚೂರು ಇಟ್ಟು, ದೀಪದ ಉರಿಯನ್ನು ಊದುಗೊಳವೆಯಿಂದ ಅದರ ಮೇಲೆ ಬಾಗಿಸಿ, ಕರಗಿದಾಗ ಬಣ್ಣ ಏನು, ಹೊಗೆ ಏನು, ಬೂದಿ ಏನು ಅಂತ ಬರೆದುಕೊಳ್ಳಬೇಕು. ಉರಿ ಒಂದು ಕ್ಷಣವೂ ಅಲುಗಾಡಬಾರದು. ದೊರೆಗೆ ಉಬ್ಬಸ. ಹತ್ತು ಎಣಿಸುವಷ್ಟರಲ್ಲಿ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಯಾರದೋ ಮದುವೆಯಲ್ಲಿ ನಿಸ್ತೋರನ ಕೊಳಲು ಕೇಳಿದರು. ಮರುವಾರವೇ ಅವನು ಪರೀಕ್ಷೆ ಮನೆಯ ಊದುವವನಾದ.

ಅವನಿಗೆ ಖುಷಿಯೇ ಆಯಿತು. ಗಣಿಯ ಧೂಳಿನಲ್ಲಿ ಎದೆ ಆಗಲೇ ಕೆಟ್ಟಿತ್ತು. ಕೂತು ಮಾಡುವ ಕೆಲಸ, ಬೆಚ್ಚಗಿನ ಕೋಣೆ. "ಕಲ್ಲು ಕರಗುವಾಗ ಉರಿ ನೀಲಿ ಆಗ್ತದೆ ಅಮ್ಮಾವ್ರೆ, ಅಂಚಲ್ಲಿ ಹಸಿರು. ಆಮೇಲೆ ಬಿಳೀ ಹೊಗೆ," ಅಂತ ಒಮ್ಮೆ ನನ್ನ ಹಿತ್ತಲಲ್ಲಿ ನಿಂತು ಹೇಳಿದ. ಹೇಳುವಾಗ ಮೂರು ಮಾರು ದೂರದಲ್ಲಿದ್ದ ನನಗೆ ಗಮ್ಮೆಂದು ಬೆಳ್ಳುಳ್ಳಿ ವಾಸನೆ ಹೊಡೆಯಿತು. ಉಪವಾಸದ ಕಾಲ, ಹುರುಳಿಕಾಯಿ ಬೆಳ್ಳುಳ್ಳಿ ಬಿಟ್ಟರೆ ಬಡವರು ಇನ್ನೇನು ತಿಂದಾರು ಅಂದುಕೊಂಡು ಸುಮ್ಮನಾದೆ.

ಆ ವರ್ಷದ ಈಸ್ಟರ್. ನಮ್ಮಲ್ಲಿ ಪರಮಪ್ರಸಾದವನ್ನು, ದ್ರಾಕ್ಷಾರಸದಲ್ಲಿ ನೆನೆದ ರೊಟ್ಟಿಯ ಚೂರನ್ನು, ಬಟ್ಟಲಿನಿಂದ ಚಮಚದಲ್ಲಿ ಕೊಡುತ್ತಾರೆ. ತೆಗೆದುಕೊಳ್ಳುವವನು ಗಲ್ಲದ ಕೆಳಗೆ ಕೆಂಪು ಬಟ್ಟೆ ಹಿಡಿದು ಬಾಯಿ ಅಗಲಿಸಬೇಕು. ಪಾದ್ರಿಯ ಮುಖಕ್ಕೂ ಅವನ ಮುಖಕ್ಕೂ ಒಂದು ಗೇಣು ಅಂತರ. ಹಿಂದಿನ ರಾತ್ರಿಯಿಂದ ಹನಿ ನೀರೂ ಕುಡಿದಿರಬಾರದು. ನಿಸ್ತೋರ ಬಾಯಿ ತೆರೆದ. ನಮ್ಮೆಜಮಾನರ ಚಮಚ ಅಲ್ಲೇ ನಿಂತಿತು.

"ತಿಂದು ಬಂದಿದ್ದೀಯೇನೋ?"

"ಇಲ್ಲ ಸ್ವಾಮಿ."

"ಬೆಳ್ಳುಳ್ಳಿ ನಾರ್ತಿದೆಯಲ್ಲೋ."

"ಅದು ಕಲ್ಲಿಂದು ಸ್ವಾಮಿ. ಪರೀಕ್ಷೆ ಮನೇಲಿ ನಾನು ಊದೋ ಕಲ್ಲಿಂದು. ಸುಟ್ಟರೆ ಹಿಂಗೇ ವಾಸನೆ ಬರ್ತದೆ."

ಹಿಂದೆ ಯಾರೋ ಕಿಸಕ್ಕೆಂದರು. ನಮ್ಮೆಜಮಾನರು ಚಮಚವನ್ನು ಬಟ್ಟಲಿಗೆ ಇಳಿಸಿದರು. "ಬಾಯಿ ತೊಳ್ಕೊಂಡು, ಮನಸ್ಸೂ ತೊಳ್ಕೊಂಡು, ಕ್ರಿಸ್‌ಮಸ್‌ಗೆ ಬಾ." ನಿಸ್ತೋರ ಬಟ್ಟೆಯನ್ನು ಮಡಚಿ ಪಕ್ಕದವನ ಕೈಗೆ ಕೊಟ್ಟು ಹೊರಗೆ ಹೋದ. ಕಲ್ಲು ಬೆಳ್ಳುಳ್ಳಿ ನಾರುವುದನ್ನು ಯಾರು ಕೇಳಿದ್ದಾರೆ? ನಾನೂ ನಂಬಲಿಲ್ಲ. ಸುಳ್ಳು ಹೇಳುವುದಾದರೆ ಸ್ವಲ್ಪ ನಂಬುವಂಥದ್ದಾದರೂ ಹೇಳಬಾರದೇ ಅಂತ ಮನೆಗೆ ಬಂದು ಗಂಡನ ಹತ್ತಿರ ಆಡಿಕೊಂಡೆ.

ಕ್ರಿಸ್‌ಮಸ್‌ಗೂ ಅದೇ ಆಯಿತು. ಅಷ್ಟರಲ್ಲಿ ಊರಿಗೆ ಅವನೊಂದು ಆಟದ ಸಾಮಾನು. ಸಂತ ಆಂದ್ರೇಯನ ಹಬ್ಬದ ಹಿಂದಿನ ದಿನ ಸತ್ತವರು ಎದ್ದು ತಿರುಗುತ್ತಾರೆ ಅಂತ ನಾವು ಬಾಗಿಲು ಕಿಟಕಿಗೆಲ್ಲ ಬೆಳ್ಳುಳ್ಳಿ ತಿಕ್ಕುತ್ತೇವೆ. ಚರ್ಚಿನ ಪಾರುಪತ್ಯಗಾರ ಮಿತ್ರು, ನಾಲಿಗೆ ಬಿಗಿ ಹಿಡಿಯಲಾರದ ಮನುಷ್ಯ, ಬಾವಿಕಟ್ಟೆಯಲ್ಲಿ ಹೇಳಿದ: "ಈ ಸಲ ಬೆಳ್ಳುಳ್ಳಿ ಯಾಕೆ ದಂಡ ಮಾಡ್ತೀರಿ? ನಿಸ್ತೋರನ್ನ ಒಂದೊಂದು ಮನೆ ಬಾಗಿಲಲ್ಲೂ ಒಂದೊಂದು ಗಳಿಗೆ ಕೂರಿಸಿ, ಸಾಕು." ದೊಕಿಯಾ ಅಲ್ಲೇ ನೀರು ಸೇದುತ್ತಿದ್ದಳು. ಕೊಡ ಕೆಳಗಿಟ್ಟು ಲಂಗದ ಅಂಚು ಸೊಂಟಕ್ಕೆ ಸಿಕ್ಕಿಸಿದಳು.

"ಬಾರೋ ಮಿತ್ರು, ನನ್ನ ಮನೆಗೆ ಬಾ. ಅಟ್ಟ ಹತ್ತು, ನೆಲ ಅಗಿ. ಒಂದೇ ಒಂದು ಎಸಳು ಬೆಳ್ಳುಳ್ಳಿ ಸಿಕ್ಕಿದ್ರೆ ನನ್ನ ಮುಖಕ್ಕೆ ಉಗಿ. ಈಸ್ಟರ್ ಆದಾಗಿಂದ ನಾನು ಬೆಳ್ಳುಳ್ಳಿ ಮುಟ್ಟಿಲ್ಲ. ನನ್ನ ಮಗ್ಗುಲಲ್ಲಿ ಮಲಗೋ ಗಂಡಸು ಏನು ತಿಂತಾನೆ ಅಂತ ನಿಂಗಿಂತ ನಂಗೆ ಗೊತ್ತು."

ಅವನ ಮಾತು ನಂಬಿದವಳು ಇಡೀ ಊರಿನಲ್ಲಿ ಅವಳೊಬ್ಬಳೇ. ಬೆವರೂ ನಾರುತ್ತಿತ್ತು, ಹಾಸಿಗೆಯೂ ನಾರುತ್ತಿತ್ತು. ಬಾಯಲ್ಲಿ ಸದಾ ತುಕ್ಕು ಹಿಡಿದ ಕಬ್ಬಿಣ ಚೀಪಿದ ಹಾಗೆ ಇರುತ್ತದೆ ಅಂತ ಅವನು ಜೋಳದ ಮುದ್ದೆಯನ್ನೂ ಅರ್ಧಕ್ಕೇ ಬಿಡುತ್ತಿದ್ದನಂತೆ. ಅವಳು ಅದನ್ನೆಲ್ಲ ಸಹಿಸಿಕೊಂಡಳು. ಮುಖ ತಿರುಗಿಸಿ ಮಲಗಲಿಲ್ಲ.

ಮರುವರ್ಷದ ಉಪವಾಸ ಶುರುವಾಗುವ ದಿನ ನಿಸ್ತೋರ ವೈಡ್ನರ್ ದೊರೆಯ ಮುಂದೆ ನಿಂತು, ಏಳು ವಾರ ಊದುವುದಿಲ್ಲ ಅಂದ. ದೊರೆ ಕೂಗಾಡಿದರಂತೆ. ಇವನು ಮನೆಗೆ ಬಂದು ಪರರ ಸೌದೆ ಸೀಳಿಕೊಂಡು ಏಳು ವಾರ ಕಳೆದ. ಬೆಳ್ಳುಳ್ಳಿ ಇಲ್ಲ, ಈರುಳ್ಳಿ ಇಲ್ಲ, ಕಲ್ಲಿನ ಹೊಗೆ ಇಲ್ಲ. ದಿನಾ ಬೆಳಗ್ಗೆ ಹೊಳೆಯಲ್ಲಿ ಮರಳು ಹಾಕಿ ನಾಲಿಗೆ ತಿಕ್ಕುತ್ತಿದ್ದ. ಈಸ್ಟರ್ ದಿನ ಬಿಳಿ ಅಂಗಿ ಹಾಕಿಕೊಂಡು ಬಂದು ಬಾಯಿ ತೆರೆದ.

ವಾಸನೆ ಹೋಗಿರಲಿಲ್ಲ. ಕಡಿಮೆಯಾಗಿತ್ತು, ಆದರೆ ಇತ್ತು.

ನಮ್ಮೆಜಮಾನರು ಸಾಧು ಮನುಷ್ಯ. ಆದರೆ ಸಾಧು ಮನುಷ್ಯರಿಗೆ ತಮ್ಮನ್ನು ಯಾರೋ ಮೂರ್ಖ ಮಾಡುತ್ತಿದ್ದಾರೆ ಅನ್ನಿಸಿದರೆ ಬರುವ ಸಿಟ್ಟು ಬಲು ಕೆಟ್ಟದ್ದು. "ಏಳು ವಾರ ಆ ಮನೆ ಹೊಸಿಲು ತುಳಿದಿಲ್ಲ ಅಂತ ನೀನೇ ನಂಗೆ ಹೇಳಿದೆ. ಈಗ್ಲೂ ಕಲ್ಲೇನೋ? ದೇವರ ಬಟ್ಟಲಿನ ಮುಂದೆ ನಿಂತು ನಗಾಡ್ತೀಯ?" ಇಡೀ ಚರ್ಚು ಕೇಳಿಸಿಕೊಂಡಿತು. ಏಳು ವಾರದ ಮೇಲೂ ಯಾಕೆ ನಾರುತ್ತದೆ ಅನ್ನುವುದು ನಿಸ್ತೋರನಿಗೇ ಗೊತ್ತಿರಲಿಲ್ಲ. ಅವನು ತನ್ನ ಅಂಗೈಗೆ ಉಸಿರು ಬಿಟ್ಟು ತಾನೇ ಮೂಸಿ ನೋಡಿಕೊಂಡ. ಅದನ್ನು ನೋಡಿ ಮಿತ್ರು ಮತ್ತೆ ನಕ್ಕ. ನನ್ನ ಕೈಲಾಗಿದ್ದರೆ ಆ ಮಿತ್ರುವಿನ ಕಪಾಳಕ್ಕೆ ಬಿಗಿಯುತ್ತಿದ್ದೆ. ಆದರೆ ನಿಜ ಹೇಳಬೇಕೆಂದರೆ ನನಗೂ ನಿಸ್ತೋರನ ಮೇಲೆಯೇ ಬೇಜಾರು.

ದೊರೆಯಿಂದ ಒಂದು ಚೀಟಿ ಬರೆಸಿಕೊಂಡು ಬಾ ಅಂತ ನಾನೇ ಅವನಿಗೆ ಹೇಳಿಕಳಿಸಿದೆ. ಕೇಳಿದನಂತೆ. ಬಂದು ಹೇಳಿದ: "ಈ ಕಲ್ಲಿನ ಸುದ್ದಿ ಈಗ್ಲೇ ಹೊರಗೆ ಹೋಗ್ಬಾರ್ದಂತೆ ಅಮ್ಮಾವ್ರೆ. ಏನು ಅಂತ ಪೂರ್ತಿ ಗೊತ್ತಾದ ಮೇಲೆ ಎಲ್ಲಾನೂ ಒಟ್ಟಿಗೆ ಬರೀತಾರಂತೆ. ನಿಮ್ಮ ಪಾದ್ರಿಗೆ ಕಾಗದ ಬರೆಯೋದು ನನ್ನ ಕೆಲಸ ಅಲ್ಲ ಅಂದ್ರು." ಹೊರಡುವ ಮುಂಚೆ, "ಇನ್ನೂ ಹತ್ತಿಪ್ಪತ್ತು ಪರೀಕ್ಷೆ ಬಾಕಿ ಇದೆಯಂತೆ," ಅಂದ. ಅವನು ಮತ್ತೆ ಊದಲು ಹೋದ. ಬೇರೆ ಏನು ಮಾಡಬಲ್ಲ, ಆ ಎದೆ ಇಟ್ಟುಕೊಂಡು ಗಣಿಗೆ ಇಳಿಯುವ ಹಾಗಿರಲಿಲ್ಲ.

ಮೂರನೇ ವರ್ಷದ ಚಳಿಗಾಲದಲ್ಲಿ ಕೆಮ್ಮಿದರೆ ರಕ್ತ ಬರತೊಡಗಿತು. ಗಣಿಯವರ ಕೆಮ್ಮು ರಕ್ತಕ್ಕೆ ತಿರುಗಿದ ಮೇಲೆ ಎಷ್ಟು ದಿನ ಅಂತ ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಪರಮಪ್ರಸಾದ ಇಲ್ಲದೆ ಸತ್ತವನಿಗೆ ಸಮಾಧಿಭೂಮಿಯ ಒಳಗೆ ಜಾಗ ಸಿಗುವುದು ಕಷ್ಟ ಅನ್ನುವುದೂ ಗೊತ್ತು. ಪಾದ್ರಿ ಒಪ್ಪಿದರೂ ಊರು ಒಪ್ಪುವುದಿಲ್ಲ. ಅಂಥವನು ಮಣ್ಣಿನಲ್ಲಿ ಸುಮ್ಮನೆ ಮಲಗುವುದಿಲ್ಲ, ಎದ್ದು ಬಂದು ಮೊದಲು ತನ್ನವರನ್ನೇ ಎಳೆದುಕೊಳ್ಳುತ್ತಾನೆ ಅಂತ ಜನರ ಭಯ.

ಈಸ್ಟರ್‌ಗೆ ಮುಂಚಿನ ಗುರುವಾರ ಅವನು ನಮ್ಮ ಮನೆಗೆ ಬಂದ. ನಾನು ಮೊಟ್ಟೆಗಳಿಗೆ ಕೆಂಪು ಬಣ್ಣ ಹಾಕುತ್ತಿದ್ದೆ. ಮೊಣಕೈವರೆಗೂ ಬಣ್ಣ, ಒಂದು ಕಡೆ ಹಿಟ್ಟು ಉಬ್ಬುತ್ತಿದೆ, ಇನ್ನೊಂದು ಕಡೆ ಒಲೆ ಗುಡಿಸಿ ಆಗಬೇಕು. ಅವನು ಹೊಸಿಲ ಆಚೆಯೇ ನಿಂತ. ಉಸಿರು ಒಳಗೆ ಬರದಿರಲಿ ಅಂತ ಟೊಪ್ಪಿಯನ್ನು ಬಾಯಿಗೆ ಅಡ್ಡ ಹಿಡಿದಿದ್ದ. ಇನ್ನೊಂದು ಕೈಯಲ್ಲಿ ಬಟ್ಟೆಯ ಗಂಟು.

"ಒಂದು ಉಪಕಾರ ಆಗ್ಬೇಕು ಅಮ್ಮಾವ್ರೆ. ಇದರಲ್ಲಿ ಆ ಕಲ್ಲಿನ ಚೂರಿದೆ. ನಿಮ್ಮ ಒಲೆಗೆ ಹಾಕಿ, ಸ್ವಾಮಿಗಳನ್ನ ಕರೀರಿ. ಅವರೇ ಮೂಸಿ ನೋಡ್ಲಿ. ನಾನು ಅಂಗಳದಲ್ಲೇ ನಿಂತಿರ್ತೀನಿ, ಹತ್ರಕ್ಕೂ ಬರಲ್ಲ."

"ತಲೆ ಸರಿ ಇದೆಯೇನೋ ನಿಂಗೆ? ಪ್ರಸಾದದ ರೊಟ್ಟಿ ಬೇಯಿಸೋ ಒಲೆ ಇದು. ಗಣಿ ಕಲ್ಲು ಹಾಕಿ ನಾರಿಸಲಾ?"

"ಹಂಗಾದ್ರೆ ಹಿತ್ತಲಲ್ಲಿ ಒಂಚೂರು ಕೆಂಡ ಹಾಕ್ಕೊಡಿ."

"ಅವರು ಚರ್ಚಲ್ಲಿದಾರೆ. ಇವತ್ತು ಅವರನ್ನ ಯಾವ ಬಾಯಲ್ಲಿ ಕರೀಲಿ? ನಂಗೆ ಕೈತುಂಬ ಕೆಲಸ."

ಅವನು ಹೋಗಲಿಲ್ಲ. ನಿಂತೇ ಇದ್ದ. ಕೆಮ್ಮು ಬಂತು, ಟೊಪ್ಪಿಯೊಳಗೇ ಕೆಮ್ಮಿಕೊಂಡ. ನನಗೆ ಪಾಪ ಅನ್ನಿಸಿತು, ಬೇಗ ಕಳಿಸಬೇಕು ಅಂತಲೂ ಅನ್ನಿಸಿತು. ಎರಡೂ ಸೇರಿ ಒಂದು ಬುದ್ಧಿವಂತಿಕೆ ಹೊಳೆಯಿತು. ಆ ಬುದ್ಧಿಗೆ ಬೆಂಕಿ ಬೀಳ.

"ನೋಡು ನಿಸ್ತೋರ, ತಿಂದೆ ಅಂತ ಹೇಳಿಬಿಡು," ಅಂದೆ.

"ತಿಂದಿಲ್ವಲ್ಲ ಅಮ್ಮಾವ್ರೆ."

"ತಿಂದಿಲ್ಲ ತಿಂದಿಲ್ಲ ಅಂತ ಮೂರು ವರ್ಷ ಹೇಳಿ ಏನು ಕಡಿದು ಗುಡ್ಡೆ ಹಾಕ್ದೆ? ಪಾಪನಿವೇದನೆಗೆ ಹೋಗು. ಹಸಿವು ತಡೀಲಿಲ್ಲ, ತಿಂದೆ, ಸುಳ್ಳು ಹೇಳ್ದೆ, ತಪ್ಪಾಯ್ತು ಅನ್ನು. ನಮ್ಮೆಜಮಾನ್ರ ಮನಸ್ಸು ಬೆಣ್ಣೆ. ತಪ್ಪು ಒಪ್ಕೊಂಡೋರನ್ನ ಅವರು ಯಾವತ್ತೂ ಬರಿಗೈಲಿ ಕಳಿಸಿಲ್ಲ. ಭಾನುವಾರ ಪ್ರಸಾದ ನಿನ್ನ ಬಾಯಲ್ಲಿರುತ್ತೆ."

"ಪಾಪನಿವೇದನೇಲಿ ಸುಳ್ಳು ಹೇಳೋದು..."

"ನೀನು ತಿಂದಿಲ್ಲ ಅಂತ ದೇವರಿಗೆ ಗೊತ್ತಿಲ್ವೇನೋ? ಸುಳ್ಳು ಎಫ್ರೆಮ್ ಪಾದ್ರಿಗೆ, ದೇವರಿಗಲ್ಲ. ಮಕ್ಕಳ ಪಕ್ಕ ಮಲಗ್ಬೇಕೋ ಬೇಡ್ವೋ ನಿಂಗೆ?"

ಆ ಕೊನೆಯ ಮಾತು ನಾನು ಆಡಬಾರದಿತ್ತು. ಅವನು ಟೊಪ್ಪಿಯನ್ನು ಬಾಯಿಂದ ತೆಗೆದು, ಗಂಟನ್ನು ಅಂಗಿಯೊಳಗೆ ಹಾಕಿಕೊಂಡು, ನಡೆದುಹೋದ. ನಾನು ಮೊಟ್ಟೆಗಳ ಕಡೆ ತಿರುಗಿದೆ. ಒಂದು ಒಳ್ಳೆಯ ಕೆಲಸ ಮಾಡಿದೆ ಅಂತಲೇ ಅಂದುಕೊಂಡಿದ್ದೆ.

ಶನಿವಾರ ಅವನು ಪಾಪನಿವೇದನೆ ಮಾಡಿದ. ಒಳಗೆ ನಡೆದ ಮಾತು ಪಾದ್ರಿ ಹೆಂಡತಿಗೂ ಹೇಳುವಂತಿಲ್ಲ. ಅಂದು ನಮ್ಮೆಜಮಾನರು ಹೇಳಲೂ ಇಲ್ಲ. ಆದರೆ ಎಷ್ಟೋ ತಿಂಗಳ ಮೇಲೆ ಅವರ ಹಣೆಯ ಗಂಟು ಸಡಿಲವಾಗಿತ್ತು. ಭಾನುವಾರ ನಾನು ಕಾಯುತ್ತಿದ್ದೆ. ಎಲ್ಲರೂ ಬಟ್ಟಲಿನ ಕಡೆ ನಡೆದರು. ನಿಸ್ತೋರ ನಡೆಯಲಿಲ್ಲ. ಬಾಗಿಲ ಹೊರಗೆ, ಕಲ್ಲಿನ ಮೇಲೆ, ಮಂಡಿಯೂರಿ ಹಣೆ ನೆಲಕ್ಕೆ ಹಚ್ಚುತ್ತಿದ್ದ. ಅದು ಪ್ರಾಯಶ್ಚಿತ್ತದವರ ಜಾಗ.

ಮನೆಗೆ ಬಂದ ಕೂಡಲೇ, "ಏನ್ರೀ ಅದು? ಒಪ್ಕೊಂಡೋನಿಗೆ ಪ್ರಸಾದ ಕೊಡ್ಬಾರ್ದೇನ್ರೀ?" ಅಂತ ಕೇಳಿದೆ. ಅವನು ಒಪ್ಪಿಕೊಂಡದ್ದು ನಿನಗೆ ಹೇಗೆ ಗೊತ್ತು ಅಂತ ಅವರಿಗೆ ಹೊಳೆಯಲಿಲ್ಲ, ಒಳಗಿನ ಮಾತು ಹೊರಗೆ ಆಡಬಾರದು ಅನ್ನುವುದೂ ಆ ಖುಷಿಯಲ್ಲಿ ಮರೆತಿತ್ತು.

"ತಿಂದು ಬಟ್ಟಲಿನ ಹತ್ರ ಬಂದೋನು, ಅದೂ ಸುಳ್ಳು ಹೇಳ್ಕೊಂಡು, ಅದೂ ಮೂರು ಸಲ. ಹಳೇ ಕಟ್ಟಳೆ ಪ್ರಕಾರ ಏಳು ವರ್ಷ ದೂರ ಇಡ್ಬೇಕು ಸಾಫ್ತಾ. ನಾನು ನಲವತ್ತು ದಿನಕ್ಕೆ ಇಳಿಸಿದೀನಿ. ಸ್ವರ್ಗಾರೋಹಣದ ಹಬ್ಬದ ದಿನ ನಾನೇ ಕೈಯಾರೆ ಕೊಡ್ತೀನಿ ಅವನಿಗೆ. ಪಾಪ, ಕೊನೆಗೂ ಹಗುರ ಆದ." ಅವರ ಕಣ್ಣಲ್ಲಿ ನೀರಿತ್ತು. ನಿಜವಾದ ಪ್ರೀತಿಯ ನೀರು. ನಾನು ಏನು ಹೇಳಲಿ? ಈಗ ಬಾಯಿ ಬಿಟ್ಟರೆ ಪಾಪನಿವೇದನೆಯಲ್ಲಿ ಸುಳ್ಳು ಹೇಳಿಸಿದ ಪಾದ್ರಿ ಹೆಂಡತಿ ಅನ್ನಿಸಿಕೊಳ್ಳುತ್ತೇನೆ. ನಲವತ್ತು ದಿನ ತಾನೇ, ಕಳೆದುಹೋಗುತ್ತದೆ ಅಂತ ಸುಮ್ಮನಾದೆ.

ಹೊರಗಿನ ಕಲ್ಲಿನ ಮೇಲೆ ಮಂಡಿಯೂರಿದವನನ್ನು ದೊಕಿಯಾ ಕೂಡ ನೋಡಿದಳು. ಅದರ ಅರ್ಥ ಅವಳಿಗೂ ಗೊತ್ತು. ಮನೆಗೆ ಹೋದ ಮೇಲೆ, "ತಿಂದಿದ್ರಾ?" ಅಂತ ಒಂದೇ ಮಾತು ಕೇಳಿದಳಂತೆ. ಅವನು ಉತ್ತರ ಕೊಡಲಿಲ್ಲ. ಇಲ್ಲ ಅಂದರೆ ಪಾಪನಿವೇದನೆಯ ಸುಳ್ಳು ಹೆಂಡತಿಯ ತಲೆಗೂ ಸುತ್ತಿಕೊಳ್ಳುತ್ತದೆ, ಹೌದು ಅನ್ನಲು ನಾಲಿಗೆ ಏಳಲಿಲ್ಲ. ನಾನು ಹೀಗೆ ಊಹಿಸುತ್ತೇನೆ, ಬೇರೆ ಕಾರಣ ಇರಲಾರದು. ಅವಳು ಮೂರು ವರ್ಷ ಊರಿಡೀ ಜಗಳವಾಡಿದ್ದಳು. ಅಂದು ಹಾಸಿಗೆ ಎತ್ತಿಕೊಂಡು ಕೊಟ್ಟಿಗೆಯ ಅಟ್ಟಕ್ಕೆ ಹೋದಳು. ಆಮೇಲೆ ಅವನಿಗೆ ಗಂಜಿ ಇಟ್ಟಳು, ಬಟ್ಟೆ ಒಗೆದಳು, ಮಾತು ಮಾತ್ರ ಆಡಲಿಲ್ಲ.

ಮೂವತ್ತಮೂರನೇ ದಿನ, ಬುಧವಾರ ಮಧ್ಯಾಹ್ನ, ಅವಳೇ ಓಡಿ ಬಂದಳು. ನಮ್ಮೆಜಮಾನರು ಊಟಕ್ಕೆ ಕೂತಿದ್ದವರು ಹಾಗೇ ಎದ್ದರು. ಸಾಯುವವನಿಗೆ ಪ್ರಾಯಶ್ಚಿತ್ತದ ಕಟ್ಟಳೆ ಇಲ್ಲ. ಬಟ್ಟಲನ್ನು ಎದೆಗೆ ಒತ್ತಿಕೊಂಡು ಅವರು ಇಳಿಜಾರಿನಲ್ಲಿ ಓಡಿದರು, ಹಿಂದೆ ನಾನು. ನಿಸ್ತೋರ ಮಂಚದ ಅಂಚಿನಲ್ಲಿ ಕೂತಿದ್ದ. ಮಡಿಲಲ್ಲಿ ಬೋಗುಣಿ. ಬಾಯಿಂದ ರಕ್ತ ಬರುತ್ತಲೇ ಇತ್ತು. ಪ್ರಸಾದ ಬಾಯಿಗೆ ಹಾಕಿದರೆ ಒಳಗೆ ನಿಲ್ಲುವುದಿಲ್ಲ, ರಕ್ತದ ಜೊತೆ ಬೋಗುಣಿಗೆ ಬೀಳುತ್ತದೆ. ಹಾಗೆ ಕೊಡುವಂತಿಲ್ಲ.

"ಸ್ವಲ್ಪ ತಡಿ ಮಗನೇ, ಒಂದು ಗಳಿಗೆ ನಿಲ್ಲಲಿ," ಅಂತ ನಮ್ಮೆಜಮಾನರು ಅವನೆದುರು ಮಣೆಯ ಮೇಲೆ ಚಮಚ ಹಿಡಿದು ಕೂತರು. ನಿಸ್ತೋರ ಬಟ್ಟಲನ್ನೇ ನೋಡುತ್ತಿದ್ದ. ಎರಡು ಸಲ ತುಟಿ ಒತ್ತಿಹಿಡಿದು ರಕ್ತ ನುಂಗಿಕೊಂಡು, ಆಮೇಲೆ ಬಾಯಿ ತೆರೆದು ತೋರಿಸಿದ. ಎರಡು ಸಲವೂ ಚಮಚ ಹತ್ತಿರ ಬರುವಷ್ಟರಲ್ಲಿ ಮತ್ತೆ ಉಕ್ಕಿತು. ಒಂದು ತಾಸು ಹೀಗೇ ನಡೆಯಿತು. ಕೊನೆಗೆ ರಕ್ತ ನಿಂತಿತು, ಆಗ ಉಸಿರೂ ಇರಲಿಲ್ಲ.

ಮಿತ್ರು ಊರ ಹಿರಿಯರನ್ನು ಕರೆದುಕೊಂಡು ಬಂದ. ಈ ಸಲ ಅವನು ನಗುತ್ತಿರಲಿಲ್ಲ, ಹೆದರಿದ್ದ. "ಒಳಗೆ ಬೇಡ ಸ್ವಾಮಿ. ನಮ್ಮ ಮಕ್ಕಳೂ ಅಲ್ಲೇ ಮಲಗಿವೆ." ನಮ್ಮೆಜಮಾನರು ವಾದ ಮಾಡಿದರು, ಬೇಡಿಕೊಂಡರು, ಕೊನೆಗೆ ಸೋತರು. ಬೇಲಿಯ ಹೊರಗೆ, ಮುಳ್ಳುಪೊದೆಯ ಪಕ್ಕ ಗುಂಡಿ ತೋಡಿದರು. ಪೆಟ್ಟಿಗೆ ಮುಚ್ಚುವ ಮೊದಲು ಇಬ್ಬರು ಮುದುಕಿಯರು ಅವನ ದವಡೆ ಬಿಡಿಸಿ, ಎದ್ದು ಬರದಿರಲಿ ಅಂತ ಬಾಯಿ ತುಂಬ ಬೆಳ್ಳುಳ್ಳಿ ತುರುಕಿದರು. ದೊಕಿಯಾ ತಡೆಯಲಿಲ್ಲ. ಗೋಡೆ ನೋಡುತ್ತ ನಿಂತಿದ್ದಳು. ನಾನೂ ತಡೆಯಲಿಲ್ಲ.

ಪ್ಲಮ್ ಹಣ್ಣು ಕೊಯ್ಯುವ ಕಾಲಕ್ಕೆ ವೈಡ್ನರ್ ದೊರೆ ಕುದುರೆಯೇರಿ ನಮ್ಮ ಮನೆಗೇ ಬಂದರು. ಮುಖ ಅರಳಿತ್ತು. ಊರಿನಲ್ಲಿ ಚೆನ್ನಾಗಿ ಕೊಳಲು ನುಡಿಸುವ ಇನ್ನೊಬ್ಬ ಇದ್ದಾನಾ ಅಂತ ಕೇಳಲು ಬಂದಿದ್ದರು. ನಮ್ಮೆಜಮಾನರು ಕುರ್ಚಿ ಹಾಕಿ, ಎದುರಿಗೆ ಕೂತರು. ದೊರೆ ಮುಂದಕ್ಕೆ ಬಾಗಿ ಮಾತು ಶುರು ಮಾಡಿದರು, ನಮ್ಮೆಜಮಾನರ ಮುಖ ಬಿಳಿಚಿಕೊಂಡಿತು. ಬಾಗಿಲಲ್ಲಿದ್ದ ನನ್ನ ಮೂಗಿಗೂ ಬಂತು. ಅದೇ ವಾಸನೆ. ಬೆಳ್ಳುಳ್ಳಿ.

"ಕ್ಷಮಿಸಿ ಪಾದ್ರಿಗಳೇ, ನನ್ನ ಬಾಯಿ ನಾರ್ತದೆ," ಅಂತ ದೊರೆ ನಕ್ಕರು. "ನನ್ನ ಹೆಂಡತಿ ಜೊತೆಗೆ ಊಟಕ್ಕೇ ಕೂರಲ್ಲ. ನಿಸ್ತೋರ ಹೋದ ಮೇಲೆ ನಾನೇ ಊದ್ತಿದೀನಲ್ಲ, ಆ ಕಲ್ಲಿನ ಹೊಗೆ ಇದು. ಒಮ್ಮೆ ಮೈಗೆ ಹತ್ತಿದ್ರೆ ತಿಂಗಳುಗಟ್ಟಲೆ ಬಿಡಲ್ಲ. ಸುಟ್ಟಾಗ ಮೂಲಂಗಿ ಹಾಗೆ, ಬಾಯಲ್ಲಿ ಕೂತ ಮೇಲೆ ಬೆಳ್ಳುಳ್ಳಿ ಹಾಗೆ ವಾಸನೆ ಅಂತ ವರದಿಯಲ್ಲೂ ಬರೆದಿದೀನಿ." ಆಮೇಲೆ ದನಿ ತಗ್ಗಿಸಿ, ಗುಟ್ಟು ಹೇಳುವವರ ಹಾಗೆ, ಅದು ಅಂಜನವಲ್ಲ, ಸೀಸವಲ್ಲ, ಬೆಳ್ಳಿಯಲ್ಲ, ಈವರೆಗೆ ಯಾರ ಪುಸ್ತಕದಲ್ಲೂ ಇಲ್ಲದ ಹೊಸ ಲೋಹ ಅಂದರು. ಇನ್ನೂ ಹೆಸರಿಟ್ಟಿಲ್ಲ ಅಂದರು. ನಮ್ಮೆಜಮಾನರು ಒಂದೂ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ದೊರೆಯನ್ನು ಅವರು ಬೇಲಿಯವರೆಗೆ ಕಳಿಸಿ ಬಂದರು. ಆಮೇಲೆ ನನ್ನ ಕಡೆ ನೋಡಿ ಕೇಳಿದರು: "ಹಾಗಾದ್ರೆ ಅವನು ತಿಂದೇ ಇರ್ಲಿಲ್ಲ. ಕೊನೇಲಿ ಯಾಕೆ ಒಪ್ಕೊಂಡ ಸಾಫ್ತಾ?" ನಾನು, "ನಂಗೇನ್ರೀ ಗೊತ್ತು," ಅಂದೆ.

ಮರುದಿನವೇ ಅವರು ದೊಕಿಯಾ ಮನೆಗೆ ಹೊರಟರು. ನಾನೂ ಹೋದೆ. ಅವಳು ಅಂಗಳದಲ್ಲಿ ಮುಸುಕಿನ ಜೋಳದ ತೆನೆ ಸುಲಿಯುತ್ತಿದ್ದಳು. ನಮ್ಮೆಜಮಾನರು ನಿಲುವಂಗಿಯ ಸಮೇತ ಅವಳೆದುರು ಆ ಸಿಪ್ಪೆಯ ರಾಶಿಯಲ್ಲಿ ಮಂಡಿಯೂರಿದರು. ಕಲ್ಲಿನ ವಿಷಯ, ದೊರೆಯ ವಿಷಯ, ತಿಂಗಳುಗಟ್ಟಲೆ ಬಿಡದ ವಾಸನೆಯ ವಿಷಯ ಎಲ್ಲ ಹೇಳಿದರು. "ನಿನ್ನ ಗಂಡ ಸತ್ಯ ಹೇಳ್ತಿದ್ದ ದೊಕಿಯಾ. ನಾನು ನಂಬಲಿಲ್ಲ. ಬೇಲಿ ಕಿತ್ತು ಅವನನ್ನ ಮಕ್ಕಳ ಹತ್ರ ತರ್ತೀನಿ. ಊರು ಏನಾದ್ರೂ ಅನ್ನಲಿ."

ದೊಕಿಯಾ ಕೈಯಲ್ಲಿದ್ದ ತೆನೆ ಸುಲಿದು ಮುಗಿಸಿದಳು.

"ಏಳಿ ಸ್ವಾಮಿ. ಕಲ್ಲು ನಾರ್ಬಹುದು, ನಾನು ಇಲ್ಲ ಅನ್ನಲ್ಲ. ಆದ್ರೆ ಅವರು ನಿಮ್ಮ ಮುಂದೆ ತಿಂದೆ ಅಂತ ಒಪ್ಕೊಂಡ್ರಲ್ಲ. ಬೆರಳು ಹೋದಾಗ್ಲೂ ಒಂದು ಸುಳ್ಳು ಹೇಳ್ದೋರಲ್ಲ ಅವರು, ದೇವರ ಮುಂದೆ ಹೇಳ್ತಾರಾ? ತಿಂದೇ ಇರ್ತಾರೆ. ನನ್ನ ಬೆನ್ನ ಹಿಂದೆ ಮೂರು ವರ್ಷ ತಿಂದು, ನನ್ನ ಕೈಲಿ ಊರ ಮುಂದೆ ಜಗಳ ಆಡಿಸಿದ್ರು. ಅವರನ್ನ ನನ್ನ ಮಕ್ಕಳ ಹತ್ರ ತರ್ಬೇಡಿ. ಆ ಜಾಗ ನಂಗಿರಲಿ."

ಅವಳ ಮಾತಿಗೆ ಉತ್ತರ ಇದ್ದದ್ದು ನನ್ನ ಹತ್ತಿರ. ನಾನು ಅವಳಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಬೇಲಿಗೆ ಕೈಯಿಟ್ಟು ನಿಂತಿದ್ದೆ. ಅವಳು ಇನ್ನೊಂದು ತೆನೆ ಕೈಗೆತ್ತಿಕೊಂಡಳು. ನಾನು ಬಾಯಿ ಬಿಡಲಿಲ್ಲ.